ಕೂಸು ಹಿಡಿಯೋರು ಯಾರು?

ಬಿಟ್ಟಿ ಚಾಕರಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಗೌಡರ ಮನೆ, ದನದ ಕೊಟ್ಟಿಗೆ, ಹಬ್ಬಕ್ಕೊಂದು ಹಳೇ ಬಟ್ಟೆ. ಜೀತ ಅಂದರೆ 1976ರ ಕಾಯ್ದೆ. ಭಾಷಣಕ್ಕೆ ನಿಂತರೆ ಇವೆರಡನ್ನೂ ನಾವು ಅರ್ಧ ತಾಸು ಉಸಿರು ಬಿಡದೆ ಹೇಳ್ತೀವಿ. ಆದರೆ ಹಾಸ್ಟೆಲಿನ ಗೆಳೆಯರೇ, ನಮ್ಮ ಕೇರಿಯ ಮನೆಮನೆಯಲ್ಲೂ ಹೊತ್ತು ಹುಟ್ಟೋ ಮೊದಲೇ ಶುರುವಾಗಿ, ದೀಪ ಹಚ್ಚಿದ ಮೇಲೂ ಮುಗಿಯದ ಒಂದು ಚಾಕರಿ ಇದೆ. ಅದಕ್ಕೆ ಕೂಲಿ ಇಲ್ಲ, ರಜೆ ಇಲ್ಲ, ಮಾಡಿದವರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಅಜ್ಜಿ ಮೊಮ್ಮಕ್ಕಳನ್ನ ನೋಡಿಕೊಳ್ಳೋ ಚಾಕರಿ ಅದು. ಇದೂ ಒಂದು ಚಾಕರಿ ಅಂತ ನಮ್ಮ ಸಭೆಗಳಲ್ಲಿ ಯಾರೂ ಎದ್ದು ನಿಂತು ಹೇಳಿದ್ದಿಲ್ಲ.

ಕುರುಗೋಡನ್ನೇ ತಗೊಳ್ಳಿ. ಹೊರಗಿನವರಿಗೆ ಇದು ದೊಡ್ಡಬಸವೇಶ್ವರನ ಊರು, ಬೆಟ್ಟದ ಊರು, ಕೋಟೆಯ ಊರು. ನಮಗೆ ಇದು ಭತ್ತದ, ಹತ್ತಿಯ, ಮೆಣಸಿನಕಾಯಿಯ ಊರು. ತುಂಗಭದ್ರೆ ಕಾಲುವೆ ನೀರು ಹರಿದಲ್ಲಿ ಭತ್ತ, ಎರೆಹೊಲದಲ್ಲಿ ಹತ್ತಿ, ಮೆಣಸಿನಕಾಯಿ. ಹೊಲ ಯಾರದೋ. ನಾಟಿ ಹಚ್ಚೋರು, ಕಳೆ ತೆಗೆಯೋರು, ಹತ್ತಿ ಬಿಡಿಸೋರು, ಕಾಯಿ ಹರಿಯೋರು ಮಾತ್ರ ನಮ್ಮ ಅವ್ವಂದಿರು, ಅಕ್ಕಂದಿರು, ಅತ್ತಿಗೆಯರು. ಬೆಳಗ್ಗೆ ಏಳಕ್ಕೆಲ್ಲ ಟಂಟಂ ಗಾಡಿ ಕೇರಿ ಬಾಯಿಗೆ ಬಂದು ಹಾರನ್ ಹೊಡೆಯುತ್ತೆ. ತಡ ಆದರೆ ಅವತ್ತಿನ ಕೂಲಿ ಹೋಯ್ತು. ಮೊಲೆ ಬಿಡದ ಕೂಸನ್ನ ಕಂಕುಳಿಂದ ಕಿತ್ತು ಅತ್ತೆ ಕೈಗಿಟ್ಟು, ಬುತ್ತಿ ಹಿಡಕೊಂಡು ಓಡ್ತಾರೆ.

ಕಾಯಿ ಹರಿಯೋ ಕಾಲದಲ್ಲಿ ಇನ್ನೊಂದು ಕಷ್ಟ. ಸಂಜೆ ಮನೆಗೆ ಬಂದ ಮೇಲೂ ತಾಯಿ ತನ್ನ ಕೂಸನ್ನ ಮುಟ್ಟಂಗಿಲ್ಲ. ಎಷ್ಟು ತೊಳೆದರೂ ಕೈಯಿಂದ ಖಾರ ಹೋಗಲ್ಲ. ಆ ಕೈ ಕೂಸಿನ ಕಣ್ಣಿಗೆ ತಾಗಿದರೆ ರಾತ್ರಿಯೆಲ್ಲ ಚೀರುತ್ತೆ. ಹಾಲು ಬಿಗಿದ ಎದೆ ಹೊತ್ತುಕೊಂಡು ತಾಯಿ ಗೋಡೆಗೆ ಒರಗಿ ಕೂತಿರ್ತಾಳೆ. ಕೂಸನ್ನ ಎತ್ತಿ ಹಿಡಿದು ಮೊಲೆಗೆ ಹಚ್ಚೋದು ಅಜ್ಜಿ. ಅದೇ ಮೆಣಸಿನಕಾಯಿ ಲಾರಿ ಹತ್ತಿ ಬ್ಯಾಡಗಿ ಮಾರುಕಟ್ಟೆಗೆ ಹೋಗುತ್ತೆ. ಕ್ವಿಂಟಲಿಗೆ ಇಷ್ಟು ಅಂತ ರೇಟು ಕೂಗೋವಾಗ ಅದರಲ್ಲಿ ಬೀಜ, ಗೊಬ್ಬರ, ಔಷಧಿ, ಹರಿದ ಕೂಲಿ, ಲಾರಿ ಬಾಡಿಗೆ ಎಲ್ಲಾ ಸೇರಿರುತ್ತೆ. ಅಜ್ಜಿಯ ಹನ್ನೆರಡು ತಾಸು ಸೇರಿರಲ್ಲ. ಆಕೆ ಮನೆಯಲ್ಲಿ ಕೂಸು ಹಿಡಿಯದೆ ಹೋಗಿದ್ದರೆ ಹೊಲದಲ್ಲಿ ಕಾಯಿ ಹರಿಯೋ ಕೈಯೇ ಇರ್ತಿರಲಿಲ್ಲ. ಒಂದು ಕೂಲಿ ಕೊಟ್ಟು ಮಾಲೀಕ ಇಬ್ಬರು ಹೆಂಗಸರನ್ನ ದುಡಿಸಿಕೊಳ್ತಿದ್ದಾನೆ. ಈ ಲೆಕ್ಕ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ ಅನ್ನೋ ಹಂಗೆ ನಡೆದುಕೊಂಡು ಬಂದಿದೆ.

ಅಜ್ಜಿ ಅಂದರೆ ಬೆಳ್ಳಿಕೂದಲು, ಕೈಯಲ್ಲಿ ಕೋಲು, ಬಾಯಲ್ಲಿ ರಾಜಕುಮಾರನ ಕಥೆ ಅನ್ನೋ ಪಠ್ಯಪುಸ್ತಕದ ಚಿತ್ರವನ್ನ ಪಕ್ಕಕ್ಕಿಡಿ. ನಮ್ಮ ಕೇರಿಯ ಅಜ್ಜಿಗೆ ನಲವತ್ತೈದು, ಐವತ್ತು ವಯಸ್ಸು. ಹದಿನೈದಕ್ಕೆ ಮದುವೆ, ಅವಳ ಮಗಳಿಗೂ ಅಷ್ಟರಲ್ಲೇ ಮದುವೆ. ನಿನ್ನೆ ಮೊನ್ನೆವರೆಗೂ ಆಕೆಯೂ ಟಂಟಂ ಹತ್ತಿದವಳೇ. ಮೊದಲ ಮೊಮ್ಮಗು ಬಂದ ದಿನ, ಸೊಸೆ ಕೂಲಿಗೆ ಹೋಗಲಿ ಅಂತ ತನ್ನ ಕೂಲಿ ಬಿಡ್ತಾಳೆ. ಅವತ್ತಿಗೆ ಸೆರಗಿನ ಗಂಟಿನ ದುಡ್ಡೂ ಮುಗೀತು. ಅಲ್ಲಿಂದ ಮುಂದೆ ಎಲೆ ಅಡಿಕೆಗೂ ಮಗನ ಮುಂದೆ ಕೈಯೊಡ್ಡಬೇಕು. ವೃದ್ಧಾಪ್ಯ ವೇತನಕ್ಕೆ ಅರವತ್ತು ತುಂಬಬೇಕು, 2007ರಲ್ಲಿ ಬಂದ ಸಂಧ್ಯಾ ಸುರಕ್ಷಾಕ್ಕೆ ಅರವತ್ತೈದು. ನಡುವಿನ ಹತ್ತು ಹದಿನೈದು ವರ್ಷ ಆಕೆ ಕೂಲಿಕಾರಳೂ ಹೌದಲ್ಲ, ಮುದುಕಿಯೂ ಹೌದಲ್ಲ. 2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಲ್ಲ ಅಂತ ಕೆಲವರು ಅಂತಾರೆ. ಅದು ಕಾರ್ಡಿನಲ್ಲಿ ಯಜಮಾನಿ ಯಾರೋ ಅವಳ ಹೆಸರಿಗೆ ಬರೋ ದುಡ್ಡು, ಕೂಸು ಹಿಡಿದ ಕೂಲಿ ಅಲ್ಲವೇ ಅಲ್ಲ. ತಾತನ ಮಾತು ಇಲ್ಲಿ ಬೇಡ. ತಾತ ಕಟ್ಟೆ ಮೇಲಿದ್ದಾನೆ, ಅವನ ಕಡೆಯಿಂದ ಯಾರೂ ಏನೂ ಬಯಸಿಲ್ಲ.

ನಮ್ಮ ಜಿಲ್ಲೆಯಲ್ಲಿ ದೇವದಾಸಿ ಬಿಟ್ಟ ಮನೆಗಳೂ ಇವೆ. 1982ರಲ್ಲಿ ಕಾನೂನು ಮಾಡಿ ನಿಷೇಧಿಸಿದರು. ನಿಷೇಧ ಆದದ್ದು ಪದ್ಧತಿ, ಆ ಮನೆಗಳ ಹೊಟ್ಟೆ ಹಸಿವು ಅಲ್ಲ. ಅಲ್ಲಿ ಗಂಡಸಿನ ದುಡಿಮೆಯೇ ಇಲ್ಲ. ತಾಯಿ ದುಡಿದು ತಂದರೆ ಒಲೆ, ಅಜ್ಜಿ ಕೂಸು ಹಿಡಿದರೆ ತಾಯಿಯ ದುಡಿಮೆ. ಅಪ್ಪನ ಹೆಸರು ಬರೆಯೋ ಜಾಗ ಖಾಲಿ ಬಿಟ್ಟು ಶಾಲೆಗೆ ಸೇರಿದ ನಮ್ಮ ಗೆಳೆಯರನ್ನ ಕೇಳಿ ನೋಡಿ, ಅವರನ್ನ ಹಾಸ್ಟೆಲಿನ ಬಾಗಿಲವರೆಗೆ ಎತ್ತಿ ತಂದವರು ಯಾರು ಅಂತ.

ಇನ್ನು ಅಜ್ಜಿ ಇಲ್ಲದ ಮನೆ. ಅಜ್ಜಿ ತೀರಿಕೊಂಡರೆ, ಇಲ್ಲಾ ಮಂಡಿ ಹಿಡಿದು ಹಾಸಿಗೆಗೆ ಬಿದ್ದರೆ, ಕೂಸು ಯಾರ ಕೈಗೆ ಹೋಗುತ್ತೆ? ಆರನೇ ಕ್ಲಾಸಿನ ಅಕ್ಕನ ಕೈಗೆ. ಮೊದಲು ಸೋಮವಾರ ಒಂದು ದಿನ ಶಾಲೆ ತಪ್ಪುತ್ತೆ. ಆಮೇಲೆ ಹತ್ತಿ ಬಿಡಿಸೋ ತಿಂಗಳು ಪೂರ್ತಿ. ಆಮೇಲೆ ಮೇಷ್ಟ್ರು ಹೆಸರು ಕೂಗೋದನ್ನೇ ಬಿಡ್ತಾರೆ. ಹುಡುಗರ ಹಾಸ್ಟೆಲಿನಲ್ಲಿ ಸೀಟಿಗೆ ಜಗಳ ಆಡೋ ನಾವು ಇದನ್ನ ಸ್ವಲ್ಪ ಯೋಚನೆ ಮಾಡಬೇಕು. ನಮ್ಮ ತಂಗಿ ಯಾಕೆ ಈ ಬೆಂಚಿನಲ್ಲಿ ಇಲ್ಲ? ಬಡತನ ಅಂತ ಒಂದೇ ಮಾತಿನಲ್ಲಿ ಉತ್ತರ ಹೇಳ್ತೀವಿ. ಅದೇ ಬಡತನದಲ್ಲೇ ಅಣ್ಣ ಓದಿದ. ಕಾಲುವೆಗೆ ನೀರಿಲ್ಲದ ಬೆಳೆಗೆ ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗ್ತಾರೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕಿತ್ತು ಹೋದಾಗ ಎಲ್ಲರೂ ಎಷ್ಟು ಟಿಎಂಸಿ ನೀರು ಹೋಯ್ತು ಅಂತ ಲೆಕ್ಕ ಹಾಕಿದರು. ನೀರು ಹೋದರೆ ಎಷ್ಟು ಕೂಸುಗಳು ಅಜ್ಜಿಯರ ಮಡಿಲಿಗೆ ಬೀಳ್ತವೆ ಅನ್ನೋ ಲೆಕ್ಕ ಪೇಪರಿನಲ್ಲಿ ಬರಲ್ಲ.

ಈಗ ನಮ್ಮಲ್ಲೇ ಓದಿ ನೌಕರಿ ಹಿಡಿದವರ ಸಂಗತಿ. ಇದನ್ನ ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತೆ, ಬರಲಿ. ಮೀಸಲಾತಿಯಲ್ಲಿ ಕ್ಲರ್ಕ್ ಆದವರು, ಮೇಷ್ಟ್ರು ಆದವರು, ಕಂಪನಿ ಸೇರಿದವರು ಮದುವೆ ಆಗ್ತಾರೆ. ಹೆಂಡತಿಯೂ ನರ್ಸೋ ಟೀಚರೋ ಆಗಿರ್ತಾಳೆ, ಒಳ್ಳೆಯದೇ. ಕೂಸು ಹುಟ್ಟಿದ ಕೂಡಲೇ ಊರಿಗೆ ಫೋನು: "ಅವ್ವಾ, ಬಸ್ಸು ಹೆಂಗೂ ಫ್ರೀ ಐತಿ, ಬಂದುಬಿಡು." 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವ್ವನನ್ನ ಕರೆಸಿಕೊಳ್ಳೋಕೆ ಟಿಕೆಟ್ಟಿನ ಖರ್ಚೂ ಇಲ್ಲ. ಬರ್ತೀಯಾ ಅಂತ ಕೇಳಿದವರಿಲ್ಲ, ಬಾ ಅಂದರು. ಅವ್ವ ಬೆಂಗಳೂರಿಗೆ ಬಂದಳು. ಎರಡು ಕೋಣೆಯ ಬಾಡಿಗೆ ಮನೆ. ಆ ಮನೆ ಸಿಕ್ಕಿದ್ದು ಜಾತಿ ಮುಚ್ಚಿಟ್ಟು. ಅದಕ್ಕೇ ಅವ್ವನಿಗೆ ಮೊದಲ ದಿನವೇ ಪಾಠ: ಪಕ್ಕದ ಮನೆಯವರ ಹತ್ರ ಜಾಸ್ತಿ ಮಾತಾಡಬೇಡ, ಯಾವ ಕೇರಿ ಅಂದರೆ ಹೇಳಬೇಡ, ಮನೆಯಲ್ಲಿ ಬಾಡು ಮಾಡಿದ್ದು ಹೊರಗೆ ಹೇಳಬೇಡ. ಊರಲ್ಲಿ ಬಾಯಿ ತೆರೆದರೆ ಇಡೀ ಕೇರಿಗೆ ಕೇಳೋ ಹೆಂಗಸು ಇಲ್ಲಿ ಮಾತು ಬಾರದ ಕೂಸಿನ ಜೊತೆ ಮಾತ್ರ ಮಾತಾಡಿಕೊಂಡು ದಿನ ತೆಗೀತಾಳೆ. ಮಗ ಗೆಳೆಯರ ಮುಂದೆ "ಅವ್ವನನ್ನ ನಾನೇ ನೋಡಿಕೊಳ್ತಿದೀನಿ" ಅಂತಾನೆ. ಯಾರು ಯಾರನ್ನ ನೋಡಿಕೊಳ್ತಿದ್ದಾರೆ? ಮಕ್ಕಳು ಹೆತ್ತವರನ್ನ ಸಾಕಲೇಬೇಕು ಅಂತ 2007ರಲ್ಲಿ ಕೇಂದ್ರ ಸರಕಾರ ಕಾಯ್ದೆ ಮಾಡಿತು. ಹೆತ್ತವರು ಮಕ್ಕಳ ಮಕ್ಕಳನ್ನ ಸಾಕೋದಕ್ಕೆ ಯಾವ ಕಾಯ್ದೆಯೂ ಇಲ್ಲ, ಬೇಕಾಗಿಯೂ ಇಲ್ಲ, ಅದು ಹಂಗೇ ನಡೀತಿದೆ.

"ಏನಪ್ಪಾ, ಅಜ್ಜಿ ಪ್ರೀತಿಗೂ ಕೂಲಿ ಕೇಳ್ತೀರಾ?" ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಪ್ರೀತಿ ಇಲ್ಲ ಅಂತ ನಾವು ಹೇಳ್ತಿಲ್ಲ. ತಾಯಿ ಭೀಮಾಬಾಯಿ ತೀರಿಕೊಂಡಾಗ ಬಾಬಾಸಾಹೇಬರು ಇನ್ನೂ ಸಣ್ಣ ಹುಡುಗ. ಅವರನ್ನ ಸಾಕಿದ್ದು ಸೋದರತ್ತೆ ಮೀರಾಬಾಯಿ. ಆಕೆಯ ಬಗ್ಗೆ ನಮ್ಮ ಭಾಷಣಗಳಲ್ಲಿ ಒಂದು ಸಾಲಾದರೂ ಬರುತ್ತಾ? ಪ್ರೀತಿ ಇದೆ, ಅದು ಇರೋದರಿಂದಲೇ ಇಲ್ಲಿ ದುಡಿಸಿಕೊಳ್ಳೋದು ಸಲೀಸು. ಜೀತದ ಹುಡುಗನ ಬಗ್ಗೆ ಗೌಡರು ಏನಂತಿದ್ದರು ನೆನಪು ಮಾಡಿಕೊಳ್ಳಿ: "ಮನೆ ಮಗನಂಗೆ ಇಟ್ಟುಕೊಂಡೀವಿ." ನಮ್ಮ ಕೇರಿಯ ಒಬ್ಬ ಅಜ್ಜಿಯನ್ನ ನಾವು ಇದೇ ಕೇಳಿದಾಗ ಆಕೆ ಅಂದದ್ದು ಇಷ್ಟು: "ನಂದೇನೈತಪಾ, ಕೂಸು ನಗತೈತಿ, ನಾನೂ ನಗತೀನಿ. ಮಂಡಿ ಮಾತ್ರ ನಗವಲ್ದು. ಮಧ್ಯಾಹ್ನ ಒಂದು ತಾಸು ಮಲಗಾಕ ಬಿಟ್ಟರ ಸಾಕು."

ಹಾಗಾದರೆ ಹೆಂಗಸರು ಕೆಲಸ ಬಿಟ್ಟು ಮನೆಯಲ್ಲಿರಲಿ ಅಂತ ಕೆಲವು ಹಿರಿಯರು ಬಾಯಿ ಹಾಕ್ತಾರೆ. ಅದು ಮನುವಿನ ಬಾಯಿ. ನಮ್ಮ ಕೇರಿಯ ಹೆಂಗಸು ಯಾವ ಕಾಲದಲ್ಲೂ ಮನೆಯಲ್ಲಿ ಕೂತಿಲ್ಲ, ಕೂತರೆ ಒಲೆ ಹತ್ತಲ್ಲ. ಬಾಬಾಸಾಹೇಬರು 1928ರಲ್ಲಿ ಬಾಂಬೆಯ ಶಾಸನಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆ ಬೆಂಬಲಿಸಿ ಮಾತಾಡಿದರು. ದುಡಿಯೋ ತಾಯಿಗೆ ಹೆರಿಗೆಯ ಮುಂಚೆಯೂ ಆಮೇಲೂ ವಿಶ್ರಾಂತಿ ಸಿಗೋದು ದೇಶದ ಹಿತ, ಅದರ ಹೊರೆಯ ಹೆಚ್ಚು ಪಾಲು ಸರಕಾರ ಹೊರಬೇಕು, ಆಕೆಯಿಂದ ಲಾಭ ಪಡೆಯೋ ಮಾಲೀಕನೂ ಹೊರಬೇಕು ಅನ್ನೋದು ಅವರ ವಾದದ ತಿರುಳು. ಮರುವರ್ಷ ಅದು ಕಾಯ್ದೆಯಾಯ್ತು. ಕೂಸು ಮನೆಯ ವಿಷಯ, ಅತ್ತೆ ಸೊಸೆ ನೋಡಿಕೊಳ್ಳಲಿ ಅಂತ ಅವರು ಕೈ ತೊಳೆದುಕೊಳ್ಳಲಿಲ್ಲ.

ಆಮೇಲೆ ಬಂದ ಕಾಯ್ದೆಗಳನ್ನ ನೋಡಿ. 1948ರ ಕಾರ್ಖಾನೆ ಕಾಯ್ದೆ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯೋ ಕಡೆ ಶಿಶುಮಂದಿರ ಇರಬೇಕು ಅಂದಿತು. 2017ರ ತಿದ್ದುಪಡಿ ಹೆರಿಗೆ ರಜೆಯನ್ನ 26 ವಾರಕ್ಕೆ ಏರಿಸಿತು. ಸರಕಾರಿ ನೌಕರಿಯ ತಾಯಂದಿರಿಗೆ ನಮ್ಮ ರಾಜ್ಯ 2021ರಲ್ಲಿ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟಿತು. ತಂದೆಗೆ ಪಿತೃತ್ವ ರಜೆ ಹದಿನೈದು ದಿನ. ಟಂಟಂ ಹತ್ತೋ ಹೆಂಗಸಿಗೆ? ಮೊದಲ ಕೂಸಿಗೆ ಮಾತೃವಂದನಾದ 5,000 ರೂಪಾಯಿ, ಅದೂ ಕಂತಿನಲ್ಲಿ. ಎರೆಹೊಲಕ್ಕೆ ಗೋಡೆ ಇಲ್ಲ, ಗೇಟಿಲ್ಲ, ಹಾಗಾಗಿ ಅದು ಕಾರ್ಖಾನೆ ಅಲ್ಲ. ಅಲ್ಲಿ ಬದುವಿನ ಜಾಲಿ ಮರಕ್ಕೆ ಕಟ್ಟಿದ ಸೀರೆಯ ಜೋಲಿಯೇ ಶಿಶುಮಂದಿರ.

ಅಂಗನವಾಡಿ ಇದೆಯಲ್ಲ ಅಂತೀರಿ. ಇದೆ. 1975ರಲ್ಲಿ ಐಸಿಡಿಎಸ್ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಇವತ್ತು ಅದಿಲ್ಲದ ಊರು ಕಮ್ಮಿ. ಆದರೆ ಅದು ಕೂರಿಸಿಕೊಳ್ಳೋದು ಮೂರು ವರ್ಷ ತುಂಬಿದವರನ್ನ. ಅದಕ್ಕಿಂತ ಚಿಕ್ಕ ಕೂಸಿಗೆ ಆಹಾರದ ಪೊಟ್ಟಣ ಕೊಟ್ಟು ಮನೆಗೆ ಕಳಿಸುತ್ತೆ. ಟಂಟಂ ಹೊರಡೋ ಹೊತ್ತಿಗೆ ಅದರ ಬಾಗಿಲು ತೆಗೆದಿರಲ್ಲ, ಟಂಟಂ ವಾಪಸ್ಸು ಬರೋ ಹೊತ್ತಿಗೆ ಬೀಗ ಬಿದ್ದಿರುತ್ತೆ. ಅಲ್ಲಿ ದುಡಿಯೋ ನಮ್ಮ ಅಕ್ಕಂದಿರಿಗೆ ಸರಕಾರ ಕೊಡೋದಕ್ಕೆ ಸಂಬಳ ಅಂತ ಹೆಸರಿಲ್ಲ, ಗೌರವಧನ ಅಂತಾರೆ. ಗ್ರಾಚ್ಯುಟಿ ಅವರಿಗೂ ಸಲ್ಲಬೇಕು ಅಂತ ಹೇಳೋಕೆ 2022ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯ್ತು. ಕೂಸು ಹಿಡಿಯೋದು ಕೆಲಸ ಅಲ್ಲ ಅನ್ನೋ ಮನೆಯ ಮಾತನ್ನೇ ಸರಕಾರವೂ ಆಡ್ತಿದೆ.

ಒಂದು ಸಲ ಮಾತ್ರ ಕಾಯ್ದೆ ಬೇರೆ ಮಾತು ಆಡಿತ್ತು. 2005ರ ಉದ್ಯೋಗ ಖಾತ್ರಿಯಲ್ಲಿ, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಒಬ್ಬ ಹೆಂಗಸನ್ನ ಅವರನ್ನ ನೋಡಿಕೊಳ್ಳೋಕೆ ಹಾಕಿ, ಆಕೆಗೂ ಅದೇ ಕೂಲಿ ಕೊಡಬೇಕು ಅಂತ ಬರೆದಿದ್ದರು. ಮಣ್ಣು ಹೊರೋದಕ್ಕೂ ಕೂಸು ಹೊರೋದಕ್ಕೂ ಒಂದೇ ಕೂಲಿ! ಎಷ್ಟು ಕಡೆ ಜಾರಿ ಆಯ್ತು ಅನ್ನೋದು ಮಣ್ಣು ಹೊತ್ತವರಿಗೇ ಗೊತ್ತು. ಆ ಕಾಯ್ದೆಯನ್ನೇ ತೆಗೆದು 2025ರ ಡಿಸೆಂಬರಿನಲ್ಲಿ ಬೇರೆ ಕಾಯ್ದೆ ತಂದರು. ನಡುವೆ ನಮ್ಮ ರಾಜ್ಯ 2023ರಲ್ಲಿ 4,000 ಗ್ರಾಮ ಪಂಚಾಯ್ತಿಗಳಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಕೂಸಿನ ಮನೆ ತೆರೀತೀವಿ ಅಂತ ಘೋಷಿಸಿತು. ಒಳ್ಳೆಯ ಹೆಸರು, ಒಳ್ಳೆಯ ಯೋಜನೆ, ಹೊಗಳೋಕೆ ನಮಗೇನೂ ಅಡ್ಡಿ ಇಲ್ಲ. ಆದರೆ ಕುರುಗೋಡು ಪುರಸಭೆ. ಇಲ್ಲಿನ ಕೇರಿಯವರು ಹೊಲಕ್ಕೇ ಹೋದರೂ ಕಾಗದದಲ್ಲಿ ಪಟ್ಟಣದವರು. ಉದ್ಯೋಗ ಖಾತ್ರಿಯೂ ಪಂಚಾಯ್ತಿಗೆ, ಕೂಸಿನ ಮನೆಯೂ ಪಂಚಾಯ್ತಿಗೆ.

ಅದಕ್ಕೇ ನಾವು ಕೇಳೋದು. ಕುರುಗೋಡಿನ ಕೇರಿಗಳಲ್ಲೂ ಕೂಸಿನ ಮನೆ ಬೇಕು. ಅದು ಕೇರಿಯೊಳಗೇ ಇರಬೇಕು, ಗುಡಿ ಪಕ್ಕದಲ್ಲಲ್ಲ. ಟಂಟಂ ಹೊರಡೋ ಮುಂಚೆ ಬಾಗಿಲು ತೆಗೆದು, ವಾಪಸ್ಸು ಬಂದ ಮೇಲೆ ಮುಚ್ಚಬೇಕು. ನೋಡಿಕೊಳ್ಳೋ ಹೆಂಗಸಿಗೆ ಕನಿಷ್ಠ ಕೂಲಿ ಕೊಡಬೇಕು, ಬೇಕಾದರೆ ಕೇರಿಯ ಅಜ್ಜಿಯನ್ನೇ ಆ ಕೆಲಸಕ್ಕೆ ತಗೊಳ್ಳಲಿ. ಹಂಗಾಮಿನಲ್ಲಿ ಇಪ್ಪತ್ತು ಹೆಂಗಸರನ್ನ ಹೊಲಕ್ಕಿಳಿಸೋ ಮಾಲೀಕ ಅದರ ಖರ್ಚಿನಲ್ಲಿ ಪಾಲು ಕೊಡಬೇಕು. ನೌಕರಿಯಲ್ಲಿರೋ ಅಣ್ಣಂದಿರು ಅವ್ವನನ್ನ ಕರೆಸೋ ಮುಂಚೆ ಕೇಳಲಿ, ಬಂದರೆ ತಿಂಗಳಿಗಿಷ್ಟು ಅಂತ ಆಕೆಯ ಕೈಗೇ ಕೊಡಲಿ, ರಾತ್ರಿ ಕೂಸು ಎದ್ದಾಗ ತಾವೂ ಏಳಲಿ.

ಅರ್ಜಿ ಬರೆಯೋಕೆ ಅಂಕಿ ಬೇಕು. ರಜೆಗೆ ಊರಿಗೆ ಹೋದಾಗ ನಿಮ್ಮ ಕೇರಿಯ ಮನೆಮನೆಗೂ ಹೋಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ: ಮೂರು ವರ್ಷದೊಳಗಿನ ಕೂಸುಗಳು ಎಷ್ಟು, ಹಗಲು ನೋಡಿಕೊಳ್ಳೋರು ಯಾರು, ಅವರ ವಯಸ್ಸೆಷ್ಟು, ಮುಂಚೆ ಎಷ್ಟು ಕೂಲಿ ದುಡೀತಿದ್ದರು. ಕೂಸು ಹಿಡಿಯೋಕೆ ಅಂತ ಶಾಲೆ ಬಿಟ್ಟ ಹುಡುಗಿ ಇದ್ದರೆ ಯಾವ ಕ್ಲಾಸು, ಯಾವ ತಿಂಗಳು ಬಿಟ್ಟಳು ಅನ್ನೋದನ್ನೂ ಬರೆಯಿರಿ. ಕುರುಗೋಡು, ಸಿರುಗುಪ್ಪ, ಬಳ್ಳಾರಿ ಮೂರೂ ತಾಲೂಕಿನ ಗೆಳೆಯರು ತಂದ ನೋಟ್‌ಬುಕ್ಕುಗಳನ್ನ ಒಟ್ಟು ಮಾಡಿ, ಮುಂದಿನ ಸಭೆಯಲ್ಲಿ ಕೂತು ಅರ್ಜಿ ಬರೆಯೋಣ. ಸಭೆಗೆ ಬರೋವಾಗ ಅಜ್ಜಿಯರನ್ನೂ ಕರೆತನ್ನಿ. ಅವತ್ತು ಕೂಸುಗಳನ್ನ ನಾವು ಹಿಡೀತೀವಿ.