ಕಾರ್ಣಿಕಕ್ಕೆ ಒಂದು ವರ್ಷ, ರೀಲಿಗೆ ಎರಡು ದಿನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ... ನಮ್ಮ ಈ ಐದು ತಾಲೂಕಿಗೆ ಜಿಲ್ಲೆ ಬದಲಾಗೋದು ಹೊಸದಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯ್ತು, ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ಐದೂ ವಿಜಯನಗರ ಜಿಲ್ಲೆಗೆ ಸೇರಿದವು. ಇಷ್ಟಾದರೂ ಬದಲಾಗದೆ ಉಳಿದಿದ್ದು ಮೈಲಾರದ ಕಾರ್ಣಿಕ ಕೇಳೋ ರೀತಿ. ಈಗ ಅದಕ್ಕೂ ಕುತ್ತು ಬಂದಿದೆ. ನನ್ನ ತಕರಾರು ಅದರ ಬಗ್ಗೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆ ಜಾತ್ರೆ. ಉಪವಾಸವಿದ್ದ ಗೊರವಯ್ಯ ಡೆಂಕನಮರಡಿಯಲ್ಲಿ ಎತ್ತರದ ಬಿಲ್ಲು ಏರಿ 'ಸದ್ದಲೇ' ಅಂತಾರೆ. ಅಷ್ಟೂ ಜನ ಗಪ್‌ಚಿಪ್! ಒಂದೇ ಒಂದು ಮಾತು ಹೇಳಿ ಮೇಲಿಂದ ಕೆಳಕ್ಕೆ ಬೀಳ್ತಾರೆ. ಆ ಮಾತು ಒಗಟು.

ಒಗಟಾಗಿರೋದೇ ಅದರ ಜೀವ ಸ್ವಾಮಿ. ಮಳೆಗೆ ಹೊಂದುತ್ತಾ, ಜೋಳಕ್ಕಾ, ಆಳೋರಿಗಾ ಅಂತ ಕಟ್ಟೆ ಮೇಲೆ ಕೂತವರು ಮುಂದಿನ ಜಾತ್ರೆ ತನಕ ವಾದ ಮಾಡೋರು. ಮುಂಗಾರು ಕೈಕೊಟ್ಟರೆ ಒಂದು ಅರ್ಥ, ಹಿಂಗಾರು ಚೆನ್ನಾಗಾದರೆ ಇನ್ನೊಂದು. ರಾಜಕೀಯಕ್ಕೆ ಗಂಟು ಹಾಕೋದು ಮೊದಲೂ ಇತ್ತು, ಇಲ್ಲ ಅನ್ನಲ್ಲ. ಆದರೆ ಅದು ಹತ್ತು ಅರ್ಥಗಳಲ್ಲಿ ಒಂದಾಗಿತ್ತು.

ಈಗ? ಗೊರವಯ್ಯ ನೆಲ ಮುಟ್ಟೋದರೊಳಗೆ ಯೂಟ್ಯೂಬಿನಲ್ಲಿ ಅರ್ಥ ತಯಾರು! ಕೆಂಪು ಬಾಣ, ಯಾರದೋ ಗಾಬರಿ ಮುಖ, ಯಾರ ಕುರ್ಚಿಗೆ ಕಂಟಕ ಅನ್ನೋ ದಪ್ಪ ಅಕ್ಷರ. ಎರಡು ದಿನ ಓಡುತ್ತೆ, ಮೂರನೇ ದಿನ ಕೇಳೋರಿಲ್ಲ. ವರ್ಷಪೂರ್ತಿ ಬಾಳಬೇಕಾದ ಮಾತು ವಾರ ಕಳೆಯೋದರೊಳಗೆ ಹಳಸಿಹೋಯ್ತು.

"ಜನ ಕೇಳಿದ್ದನ್ನ ಕೊಡ್ತಾರೆ, ತಪ್ಪೇನು?" ಅಂತೀರಾ. ಕೇಳಿದ್ದು ಯಾರು? ಯೂಟ್ಯೂಬಿನಲ್ಲಿ ಜನ ಕಳೆಯೋ ಹೊತ್ತಿನ ಶೇ. 70ಕ್ಕಿಂತ ಹೆಚ್ಚು ಅದರ ಶಿಫಾರಸಿನಿಂದಲೇ ಬರುತ್ತೆ ಅಂತ 2018ರಲ್ಲಿ ಕಂಪನಿಯವರೇ ಹೇಳಿದ್ದಾರೆ. ಹುಡುಕಿ ನೋಡೋದು ಕಡಿಮೆ, ಬಡಿಸಿದ್ದನ್ನ ಉಣ್ಣೋದೇ ಹೆಚ್ಚು. 2012ರಿಂದ ಆ ಯಂತ್ರ ನಾವು ಎಷ್ಟು ಹೊತ್ತು ನೋಡಿದ್ವಿ ಅನ್ನೋದಕ್ಕೆ ತೂಕ ಕೊಡುತ್ತೆ. ಕಾರ್ಣಿಕ ಕೇಳಿ, ಫೋನು ಪಕ್ಕಕ್ಕಿಟ್ಟು, ಹೊಲದ ಬದುವಿನ ಮೇಲೆ ಕೂತು ಯೋಚನೆ ಮಾಡಿದಿರೋ, ಆ ಲೆಕ್ಕದಲ್ಲಿ ನೀವು ಸೊನ್ನೆ. ಅದಕ್ಕೇ ಅರ್ಥವನ್ನೂ ಅಗಿದೇ ಬಾಯಿಗಿಡೋದು.

"ಹಳ್ಳಿ ಕಲೆ ಜಗತ್ತಿಗೆ ತಲುಪಿತಲ್ಲ" ಅನ್ನೋರೂ ಇದ್ದಾರೆ. ತಲುಪಿದ್ದೇನು ನೋಡೋಣ. ನಮ್ಮ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ 2021ರ ನವೆಂಬರಿನಲ್ಲಿ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿ ಕೋವಿಂದ್ ಅವರಿಗೆ ಸೆರಗಿನಿಂದ ದೃಷ್ಟಿ ತೆಗೆದರಲ್ಲ, ಆ ಕೆಲವೇ ಸೆಕೆಂಡು ದೇಶವೆಲ್ಲ ನೋಡಿತು. ಸಂತೋಷವೇ. ಆದರೆ ಅವರ ಜೋಗತಿ ನೃತ್ಯವನ್ನ ಮೊದಲಿಂದ ಕೊನೆವರೆಗೆ ನೋಡಿದೋರು ನಮ್ಮಲ್ಲಿ ಎಷ್ಟು ಜನ? ದೊಡ್ಡಾಟದ ಗತಿಯೂ ಇದೇ. ಸಾರಥಿ ಒಂದೊಂದೇ ಪಾತ್ರವನ್ನ ನೀನ್ಯಾರು ಅಂತ ವಿಚಾರಿಸೋದಕ್ಕೇ ಹೊತ್ತು ಬೇಕು, ಬೆಳಗಿನ ತನಕ ಆಟ ಬೇಕು. ನಿಮಿಷದ ತುಣುಕಿನಲ್ಲಿ ಏನು ಹಿಡಿಸುತ್ತೆ? ಕುಣಿತ, ಇಲ್ಲಾ ಪೋಲಿ ಜೋಕು.

ದುಡ್ಡು ಕೊಟ್ಟು ನೋಡೋ ಓಟಿಟಿಗಳ ಕಥೆಯೂ ಬೇರೆಯಲ್ಲ. ರಕ್ಷಿತ್ ಶೆಟ್ಟಿಯಂಥವರಿಗೇ 'ಏಕಂ' ಸರಣಿಯನ್ನ ಯಾರೂ ಕೊಳ್ಳಲಿಲ್ಲ. 2024ರಲ್ಲಿ ತಮ್ಮದೇ ವೆಬ್‌ಸೈಟಿನಲ್ಲಿ ಬಿಡುಗಡೆ ಮಾಡಬೇಕಾಯ್ತು. ಇನ್ನು ಹರಪನಹಳ್ಳಿ ಕಡೆಯ ಬಯಲಾಟದವರನ್ನ ಯಾರು ಕೇಳ್ತಾರೆ?

ಫೋನು ಒಡೆದುಹಾಕಿ ಅನ್ನೋ ಉಪದೇಶ ನನ್ನದಲ್ಲ. ಕೇಳೋದು ಎರಡೇ. ಊರಲ್ಲಿ ಆಟ ಆದರೆ ಪೂರ್ತಿ ಹಾಕಿ, ಕಲಾವಿದರ ಹೆಸರು, ಮದ್ದಳೆಯವರ ಹೆಸರು ಸಮೇತ. ಹತ್ತೇ ಜನ ನೋಡಲಿ, ಮುಂದಿನವರಿಗೆ ಇರುತ್ತೆ. ಎರಡನೇದು, ಮುಂದಿನ ಭರತ ಹುಣ್ಣಿಮೆಗೆ ಕಾರ್ಣಿಕದ ಮಾತನ್ನಷ್ಟೇ ಹಂಚಿ. ಅರ್ಥ ಹೇಳಬೇಡಿ, ಹೇಳೋರ ವಿಡಿಯೋ ಒತ್ತಬೇಡಿ. ಮಳೆ ಬರಲಿ, ಆಮೇಲೆ ಕಟ್ಟೆ ಮೇಲೆ ಕೂತು ಜಗಳ ಆಡೋಣ.

ಏನಂತೀರಿ?