ಕನ್ನಡಿಗೆ ಕಾಣದ ನೋವು

‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?’ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಕಣ್ಣೆದುರಿಗಿರುವುದಕ್ಕೆ ಬೇರೆ ಸಾಕ್ಷಿ ಬೇಡವೆಂಬುದು ಆ ಗಾದೆಯ ತಾತ್ಪರ್ಯ. ಆದರೆ ಕನ್ನಡಿ ಹಿಡಿದರೂ ಕಾಣದ ನೋವು ಲೋಕದಲ್ಲುಂಟು. ಅಂಥ ನೋವನ್ನು ಹೊತ್ತವರೊಡನೆ ನಾವು ಹೇಗೆ ನಡೆದುಕೊಳ್ಳಬೇಕೆಂಬ ವಿಷಯವಾಗಿ ಎರಡು ಮಾತು ಹೇಳಬಯಸುತ್ತೇವೆ.

ಮೊದಲಿಗೆ ನಮ್ಮ ತಪ್ಪನ್ನೇ ಒಪ್ಪಿಕೊಳ್ಳುವುದು ಒಳ್ಳೆಯದು. ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿಯಿದ್ದಳು. ಬೆಳಗಿನ ಮೊದಲನೆಯ ಪಾಠಕ್ಕೆ ತಡವಾಗಿ ಬರುವಳು. ಉಕ್ತಲೇಖನ ಬರೆಯೆಂದರೆ ಅರ್ಧದಲ್ಲೇ ಲೇಖನಿಯನ್ನು ಕೆಳಗಿಡುವಳು. ಮಧ್ಯಾಹ್ನದ ಬಿಡುವಿನಲ್ಲಾದರೋ ಗೆಳತಿಯರೊಡನೆ ನಗುತ್ತ ಓಡಾಡುವಳು. ಇದೆಲ್ಲ ಸೋಮಾರಿತನವೆಂದು ಬಗೆದು ನಾವು ಆಕೆಯನ್ನು ಎಲ್ಲರೆದುರಿಗೆ ಗದರಿಸಿದೆವು. ಆಕೆ ಮರುಮಾತಾಡಲಿಲ್ಲ. ಆಕೆಯದು ಕೀಲುವಾತವೆಂಬ ಸಂಗತಿ ತಿಂಗಳುಗಳ ಮೇಲೆ ಆಕೆಯ ತಾಯಿಯಿಂದ ನಮಗೆ ತಿಳಿಯಿತು.

ಕೀಲುವಾತವು ಮುದುಕರ ರೋಗವೆಂದು ಹಲವರ ಎಣಿಕೆ. ಅದು ಸರಿಯಲ್ಲ. ಹದಿನಾರು ತುಂಬುವ ಮೊದಲೇ ಮಕ್ಕಳನ್ನು ಹಿಡಿಯುವ ಬಗೆಗಳೂ ಅದರಲ್ಲಿವೆ. ಸೀತಾಬರ್ಡಿಯ ಗುಡ್ಡದ ಮೇಲಿನ ಕೋಟೆಯನ್ನು ನೀವು ಬಲ್ಲಿರಿ. ಕೋಟೆಯ ಕಾವಲುಪಡೆಯು ಹೊರಗಿನ ಶತ್ರುವನ್ನು ಬಿಟ್ಟು ತನ್ನ ಪೇಟೆಯ ಮೇಲೆಯೇ ಗುಂಡು ಹಾರಿಸತೊಡಗಿದರೆ ಏನಾದೀತು? ಈ ರೋಗದಲ್ಲಿ ಆಗುವುದು ಅದೇ. ರೋಗಾಣುಗಳನ್ನು ತಡೆಯಬೇಕಾದ ದೇಹದ ರಕ್ಷಣಾಶಕ್ತಿಯು ಕೀಲುಗಳ ಒಳಪೊರೆಯನ್ನೇ ಶತ್ರುವೆಂದು ತಿಳಿದು ಕೆಡಿಸುವುದು. ಬೇಲಿಯೇ ಎದ್ದು ಹೊಲ ಮೇಯ್ದಂತೆ! ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನ ಸುಮಾರು 1 ಕೋಟಿ 80 ಲಕ್ಷ ಜನರು ರೂಮಟಾಯ್ಡ್ ಸಂಧಿವಾತದಿಂದ ಬಳಲುತ್ತಿದ್ದರು. ಅವರಲ್ಲಿ ನೂರಕ್ಕೆ 70ರಷ್ಟು ಮಂದಿ ಸ್ತ್ರೀಯರು.

ರಾತ್ರಿಯ ವಿಶ್ರಾಂತಿಯ ಬಳಿಕ ಈ ರೋಗಿಗಳ ಕೀಲುಗಳು ಬಿಗಿದುಕೊಳ್ಳುತ್ತವೆ. ಬೆಳಿಗ್ಗೆ ಬೆರಳು ಮಡಿಸುವುದೂ ಪ್ರಯಾಸ. ಹೊತ್ತೇರಿ ಕೈಕಾಲು ಆಡಿದಂತೆ ಬಿಗಿತವು ಸಡಿಲುವುದು. ಆದುದರಿಂದ ಮಧ್ಯಾಹ್ನದ ಓಡಾಟವು ಬೆಳಗಿನ ನೋವನ್ನು ಸುಳ್ಳಾಗಿಸಲಾರದು. ಇದನ್ನು ಅರಿಯದೆಯೇ ನಾವು ಆಕೆಯ ವಿಚಾರದಲ್ಲಿ ತೀರ್ಪು ಕೊಟ್ಟಿದ್ದೆವು.

2006ರಲ್ಲಿ ಚಿಕುನ್‌ಗುನ್ಯಾ ಜ್ವರವು ಕರ್ನಾಟಕವನ್ನು ಕಾಡಿದಾಗ ನಾವು ಊರಿನಲ್ಲಿದ್ದೆವು. ಆ ವರ್ಷ ನಮ್ಮ ನಾಡಿನಲ್ಲಿ 7 ಲಕ್ಷಕ್ಕೂ ಮಿಕ್ಕಿದ ಜನರಿಗೆ ಆ ಜ್ವರ ತಗಲಿದೆಯೆಂದು ಶಂಕಿಸಲಾಗಿತ್ತು. ಅದು ಸೊಳ್ಳೆಯಿಂದ ಹರಡುವ ಬೇರೆಯ ರೋಗವೇ ಸರಿ; ಆದರೆ ಜ್ವರ ಬಿಟ್ಟರೂ ಕೀಲುನೋವು ಅನೇಕರನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ಗೋಡೆ ಹಿಡಿದು ನಡೆಯುವವರನ್ನು ಕಂಡು ಆಗ ಯಾರೂ ‘ನಟನೆ’ ಎನ್ನಲಿಲ್ಲ. ಏಕೆಂದರೆ ಮನೆಮನೆಯಲ್ಲಿಯೂ ಅದೇ ನೋವಿತ್ತು. ಊರಿಗೆಲ್ಲ ಬಂದುದು ರೋಗ, ಒಬ್ಬಳಿಗೆ ಬಂದುದು ನೆಪ ಎನ್ನುವುದು ಯಾವ ನ್ಯಾಯ?

ಇಂಥ ಅಪನಂಬಿಕೆಯಿಂದ ಮನಸ್ಸಿಗೆ ಮಾತ್ರವಲ್ಲ, ದೇಹಕ್ಕೂ ಕೇಡು. ಚಿಕಿತ್ಸೆ ಬೇಗ ಮೊದಲಾದಷ್ಟೂ ಕೀಲುಗಳು ಉಳಿಯುತ್ತವೆ. ‘ನೆಪ’ವೆಂದು ಕಳೆದ ತಿಂಗಳುಗಳಲ್ಲಿ ಕೆಟ್ಟ ಕೀಲು ಮತ್ತೆ ಮೊದಲಿನಂತಾಗದು. ಮದ್ದಿಲ್ಲದ ಕಾಲವೂ ಇದಲ್ಲ. ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾಯರು ನಮ್ಮವರೇ. ಅವರ ನೇತೃತ್ವದ ಪ್ರಯೋಗಶಾಲೆಯು ರಕ್ತದ ಕ್ಯಾನ್ಸರಿಗಾಗಿ ಹುಡುಕಿದ ಔಷಧಗಳಲ್ಲಿ ಮೆಥೋಟ್ರೆಕ್ಸೇಟ್ ಒಂದು. ಅದನ್ನೇ ಇಂದು ವೈದ್ಯರು ವಾರಕ್ಕೊಮ್ಮೆ ಅಲ್ಪ ಪ್ರಮಾಣದಲ್ಲಿ ಕೀಲುವಾತಕ್ಕೆ ಕೊಡುತ್ತಾರೆ. ರೋಗವು ಬೇರುಸಹಿತ ಹೋಗದಿದ್ದರೂ ಹತೋಟಿಗೆ ಬರುವುದು. ಆದರೆ ಔಷಧವು ರೋಗಿಯನ್ನು ಸೇರಬೇಕಾದರೆ, ‘ನೋಯುತ್ತಿದೆ’ ಎಂಬ ಮಾತನ್ನು ಮೊದಲು ಯಾರಾದರೂ ನಂಬಬೇಕಷ್ಟೆ?

ವಿದ್ಯಾರ್ಥಿ ಮಿತ್ರರೇ, ನಿಮ್ಮಿಂದ ದೊಡ್ಡ ತ್ಯಾಗವನ್ನೇನೂ ನಾವು ಕೇಳುತ್ತಿಲ್ಲ. ಬೆಳಿಗ್ಗೆ ಬರೆಯಲಾರದ ಗೆಳತಿಗೆ ನಿಮ್ಮ ಟಿಪ್ಪಣಿಯನ್ನು ಕೊಡಿರಿ. ಮೆಟ್ಟಿಲ ಬಳಿ ಆಕೆಯ ಚೀಲವನ್ನು ಹಿಡಿಯಿರಿ. ‘ನಿನ್ನೆ ಚೆನ್ನಾಗಿದ್ದೆಯಲ್ಲ!’ ಎಂದು ಕೇಳಬೇಡಿರಿ. ಕಂಡವರು ಹೇಳಿದ ಎಣ್ಣೆ, ಪುಡಿಗಳನ್ನು ನಂಬಿ ವೈದ್ಯರ ಮದ್ದನ್ನು ನಿಲ್ಲಿಸೆಂದು ಹೇಳಬೇಡಿರಿ. ನಿಮ್ಮಲ್ಲಿಯೇ ಯಾರಿಗಾದರೂ ಇಂಥ ನೋವಿದ್ದರೆ ನಾಚದೆ ಮನೆಯಲ್ಲಿಯೂ ಶಾಲೆಯಲ್ಲಿಯೂ ಹೇಳಿರಿ. ಕೇಳಿ ನಂಬುವುದು ನಮ್ಮ ಕರ್ತವ್ಯ.

ಆ ವಿದ್ಯಾರ್ಥಿನಿಯ ಕ್ಷಮೆಯನ್ನು ನಾವು ಆಗಲೇ ಕೇಳಿದೆವು. ಆದರೆ ಗದರಿಸಿದ್ದು ಎಲ್ಲರೆದುರಿಗೆ; ಕ್ಷಮೆ ಕೇಳಿದ್ದು ಒಂಟಿಯಾಗಿ. ಆ ಬಾಕಿಯನ್ನು ಈ ಪುಟದಲ್ಲಿ ತೀರಿಸುತ್ತಿದ್ದೇವೆ.