ಕೊಲೆಗೆ ಮುನ್ನ ಕಾಲೇಜಿಗೆ ಕಿವಿ ಇತ್ತೇ?

2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಬಿವಿಬಿ ಕಾಲೇಜಿನ ಆವರಣದಲ್ಲಿ ಎಂಸಿಎ ವಿದ್ಯಾರ್ಥಿನಿಯೊಬ್ಬಳು ಚಾಕು ಇರಿತಕ್ಕೆ ಬಲಿಯಾದಳು. ಆರೋಪಿ ಅಲ್ಲೇ ಹಿಂದೆ ಓದಿದವನು. ಲೋಕಸಭಾ ಚುನಾವಣೆಯ ಕಾವಿನಲ್ಲಿ ಆರೋಪಿಯ ಧರ್ಮ, ಇಬ್ಬರ ಪರಿಚಯ, ಸರ್ಕಾರದ ಹೊಣೆ ಎಲ್ಲವೂ ಬೀದಿಗೆ ಬಂದವು. ಬೆದರಿಕೆಗೆ ಒಳಗಾದ ಹುಡುಗಿ ಕಾಲೇಜಿನಲ್ಲಿ ಅದನ್ನು ಯಾರ ಮುಂದೆ ಹೇಳಬೇಕು ಎಂದು ಕೇಳಿದವರು ಮಾತ್ರ ಕಡಿಮೆ.

2023ರ ಜನವರಿ 2ರಂದು ಬೆಂಗಳೂರಿನ ಹೊರವಲಯದ ಖಾಸಗಿ ವಿಶ್ವವಿದ್ಯಾಲಯದೊಳಗೆ ನಡೆದ ವಿದ್ಯಾರ್ಥಿನಿಯ ಕೊಲೆಯಲ್ಲಿ ಆರೋಪಿ ಬೇರೆ ಕಾಲೇಜಿನವನು. ಅಂದರೆ ಅಮಾನತು, ದಂಡ, ಪೋಷಕರಿಗೆ ಪತ್ರ ಎಂಬ ನಮ್ಮ ಹಳೆಯ ಶಿಸ್ತು ಈ ಇಬ್ಬರು ಆರೋಪಿಗಳ ಹತ್ತಿರವೂ ಸುಳಿಯುವಂತಿರಲಿಲ್ಲ. 2024ರ ಮೇ ತಿಂಗಳಲ್ಲಿ ಹುಬ್ಬಳ್ಳಿಯ ವೀರಾಪುರ ಓಣಿಯಲ್ಲಿ ಯುವತಿಯೊಬ್ಬಳು ಮನೆಯಲ್ಲೇ ಕೊಲೆಯಾದಾಗ, ಬೆದರಿಕೆಯ ವಿಷಯ ಮೊದಲೇ ತಿಳಿಸಿದರೂ ಪೊಲೀಸರು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಮನೆಯವರು ದೂರಿದರು. ಅಧಿಕಾರಿಗಳು ಅಮಾನತಾದರು, ಹೆಣ ಬಿದ್ದ ಮೇಲೆ.

ಇಂಥ ಹಿಂಸೆ ಸುಳಿವು ಕೊಡದೆ ಬರುವುದು ಅಪರೂಪ. ಬಸ್ ಸ್ಟಾಪಿನವರೆಗೂ ಬೆನ್ನುಬೀಳುವುದು, ನಂಬರ್ ಬ್ಲಾಕ್ ಮಾಡಿದರೆ ಹೊಸ ನಂಬರಿನಿಂದ ಕರೆ, 'ನನಗೆ ಸಿಗದವಳು ಯಾರಿಗೂ ಸಿಗಬಾರದು' ಎಂದು ಗೆಳೆಯರೆದುರು ಆಡುವ ಮಾತು, ಬ್ಯಾಗಿನಲ್ಲಿ ಚಾಕು, ಸಾಯುತ್ತೇನೆ ಎಂಬ ಸ್ಟೇಟಸ್. ಮೊದಲು ಗೊತ್ತಾಗುವುದು ಸಹಪಾಠಿಗಳಿಗೆ, ಆಮೇಲೆ ವಾರ್ಡನ್‌ಗೆ, ಗೇಟಿನ ಕಾವಲುಗಾರನಿಗೆ. ಪ್ರಿನ್ಸಿಪಾಲರಿಗೆ ಎಲ್ಲರಿಗಿಂತ ಕೊನೆಗೆ.

ಹುಡುಗಿ ಯಾಕೆ ಹೇಳುವುದಿಲ್ಲ? ಹೇಳಿದರೆ ಮನೆಯಲ್ಲಿ ಮೊದಲು ನಿಲ್ಲುವುದು ಅವಳ ಓದು. ಮೊಬೈಲ್ ಕಿತ್ತುಕೊಳ್ಳುತ್ತಾರೆ, ಗಂಡು ಹುಡುಕಲು ಶುರುಮಾಡುತ್ತಾರೆ. ಎಚ್‌ಒಡಿ ಬಳಿ ಹೋದರೆ 'ನೀನು ಯಾಕಮ್ಮ ಅವನ ಜೊತೆ ಮಾತಾಡಿದೆ?' ಎಂಬುದೇ ಮೊದಲ ಪ್ರಶ್ನೆ. ಠಾಣೆಯಲ್ಲಿ ಇಬ್ಬರನ್ನೂ ಕೂರಿಸಿ ಬುದ್ಧಿವಾದ, ಒಂದು ಮುಚ್ಚಳಿಕೆ. ಹಿಂಬಾಲಿಸುವುದು 2013ರಿಂದಲೇ ಶಿಕ್ಷಾರ್ಹ ಅಪರಾಧ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಆದರೂ ಅದನ್ನು ಹರೆಯದ ಹುಚ್ಚೆಂದು ತಳ್ಳಿಹಾಕುವ ಹಿರಿಯರಿಗೆ ಬರವಿಲ್ಲ. ಆಡಳಿತ ಮಂಡಳಿಗಳ ಚಿಂತೆ ಬೇರೆ: ಮುಂದಿನ ವರ್ಷದ ಅಡ್ಮಿಷನ್.

ಸಮಿತಿಗಳಿಗೇನೂ ಕೊರತೆಯಿಲ್ಲ. 2009ರ ಯುಜಿಸಿ ನಿಯಮದಿಂದ ರ‍್ಯಾಗಿಂಗ್ ತಡೆ ಸಮಿತಿ ಬಂತು, 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಿಂದ ಆಂತರಿಕ ದೂರು ಸಮಿತಿ ಬಂತು. ಒಂದರ ಕಡತ ಇನ್ನೊಂದಕ್ಕೆ ಕಾಣುವುದಿಲ್ಲ. ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ 2007ರ ಏಪ್ರಿಲ್ 16ರಂದು ವಿದ್ಯಾರ್ಥಿಯೊಬ್ಬ 32 ಮಂದಿಯನ್ನು ಕೊಂದಾಗ ಬಯಲಾದದ್ದೂ ಇದೇ. ಅಧ್ಯಾಪಕರು, ಕ್ಯಾಂಪಸ್ ಪೊಲೀಸರು, ಆಪ್ತಸಮಾಲೋಚನಾ ಕೇಂದ್ರ ಎಲ್ಲರಿಗೂ ಅವನ ಬಗ್ಗೆ ಚೂರುಚೂರು ಗೊತ್ತಿತ್ತು, ಅದನ್ನು ಒಂದೆಡೆ ಸೇರಿಸಿ ನೋಡಿದವರಿರಲಿಲ್ಲ. ಮರುವರ್ಷವೇ ಆ ರಾಜ್ಯ ತನ್ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೆದರಿಕೆ ಪರಿಶೀಲನಾ ತಂಡವನ್ನು ಕಾನೂನಿನಿಂದಲೇ ಕಡ್ಡಾಯ ಮಾಡಿತು.

ನಮ್ಮಲ್ಲೂ ಅಂಥ ತಂಡ ಬೇಕು. ಅದು ಘೋಷಣೆ ಕೂಗುವವರನ್ನೋ, ಒಂಟಿಯಾಗಿ ಕೂರುವವರನ್ನೋ, ಒಂದು ಜಾತಿ ಧರ್ಮದವರನ್ನೋ ಪಟ್ಟಿ ಮಾಡುವ ಗೂಢಚಾರ ದಳವಾಗಬಾರದು. ಆ ಅಪಾಯ ಸಣ್ಣದಲ್ಲ. ನೋಡಬೇಕಾದದ್ದು ನಡತೆಯನ್ನು: ಯಾರಿಗೆ, ಏನು, ಎಷ್ಟು ಸಲ. ದೂರು ಕೊಟ್ಟವಳ ಹೆಸರು ಗುಟ್ಟಾಗಿರಬೇಕು. ಅವಳನ್ನು ಕೇಳದೆ ಮನೆಗೆ ಫೋನ್ ಹೋಗಬಾರದು. ಬೆದರಿಸಿದವನು ಹೊರಗಿನವನಾದರೆ ಗೇಟಿನಲ್ಲಿ ಅವನ ಫೋಟೊ ಇರಬೇಕು, ಠಾಣೆಗೆ ಲಿಖಿತ ದೂರು ಅಂದೇ ತಲುಪಬೇಕು. ಸಂಯೋಜನೆ ನವೀಕರಿಸಲು ಬರುವ ವಿಶ್ವವಿದ್ಯಾಲಯದ ತಂಡ ಗ್ರಂಥಾಲಯದ ಪುಸ್ತಕ ಎಣಿಸುವ ಜೊತೆಗೆ, ಆ ವರ್ಷ ಎಷ್ಟು ದೂರು ಬಂದವು, ಪ್ರತಿಯೊಂದಕ್ಕೂ ಏನಾಯಿತು ಎಂಬ ದಾಖಲೆಯನ್ನೂ ಕೇಳಲಿ. ಒಂದೂ ಬಂದಿಲ್ಲ ಎನ್ನುವ ಕಾಲೇಜನ್ನು ಎರಡನೇ ಸಲ ತಪಾಸಣೆ ಮಾಡಲಿ.